ಏಳು ಕಿಲೋ ಚೀಲ, ಎರಡು ವಿಮಾನ ನಿಲ್ದಾಣ: ಥಾಯ್ಲೆಂಡಿನ ಒಳಗೆ ಹಾರಿದ ಅನುಭವ

ಬ್ಯಾಂಕಾಕಿನ ಡಾನ್ ಮುವಾಂಗ್ ನಿಲ್ದಾಣದಲ್ಲಿ ವಿಮಾನ ಹತ್ತುವ ಬಾಗಿಲ ಬಳಿ ಒಬ್ಬ ಹುಡುಗಿ ತೂಕದ ಯಂತ್ರ ಇಟ್ಟುಕೊಂಡು ನಿಂತಿದ್ದಳು. ನನ್ನ ಬೆನ್ನುಚೀಲ 6.8 ಕಿಲೋ ತೂಗಿತು, ಅಕ್ಕನದು 8.9. ಹುಡುಗಿ ಏಳು ಬೆರಳು ತೋರಿಸಿ ನಕ್ಕಳು. ನಗು ಎಷ್ಟು ಮೆತ್ತಗಿತ್ತೆಂದರೆ, ಅದು ದುಡ್ಡು ಕಟ್ಟಿ ಎನ್ನುವ ನಗು ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

"ತೂಕ ನೋಡಿದ್ದೇನೆ ಎಂದು ನೀನೇ ಹೇಳಿದೆಯಲ್ಲ?" ಎಂದಳು ಅಕ್ಕ. ನೋಡಿದ್ದೆ, ಸುಳ್ಳಲ್ಲ. ಆದರೆ ಚತುಚಕ್ ಸಂತೆಗೆ ಹೋಗುವ ಮೊದಲು ನೋಡಿದ್ದೆ. ಅವಳು ನೆಲದ ಮೇಲೆ ಕೂತು ಚೀಲ ಬಿಚ್ಚಿದಳು. ಸ್ವೆಟರ್ ಅವಳ ಮೈಗೇರಿತು, ಸಂತೆಯಲ್ಲಿ ಕೊಂಡ ಎರಡು ಅಂಗಿಗಳು ಒಂದರ ಮೇಲೊಂದು ನನ್ನ ಮೈಗೆ ಬಂದವು, ಕ್ಯಾಮೆರಾ ಕೊರಳಿಗೆ, ಚಾರ್ಜರುಗಳು ಜೇಬಿಗೆ. ಮುಳ್ಳು 7.2ಕ್ಕೆ ಇಳಿದಾಗ ಹುಡುಗಿ ಬೇರೆ ಕಡೆ ನೋಡಿದಳು, ನಾವು ಒಳಗೆ ಸರಿದೆವು. ಎಲ್ಲರೂ ಹಾಗೆ ಬೇರೆ ಕಡೆ ನೋಡುವುದಿಲ್ಲ. ನಮ್ಮ ಹಿಂದೆ ನಿಂತಿದ್ದ ದಂಪತಿ ಕಾರ್ಡು ತೆಗೆದು ಹಣ ಕಟ್ಟಿದ್ದನ್ನು ಕಣ್ಣಾರೆ ಕಂಡೆ.

ಥಾಯ್ಲೆಂಡಿನ ಒಳಗೆ ಮೂರು ಸಲ ಹಾರಿದೆವು, ಎರಡು ಸಲ ಅಗ್ಗದ ವಿಮಾನದಲ್ಲಿ, ಒಂದು ಸಲ ದುಬಾರಿಯದರಲ್ಲಿ. ಹೊರಡುವ ಮುಂಚೆ ನಾನು ಸೀಟಿನ ಅಗಲ, ಊಟ, ಕಾಲು ಚಾಚುವ ಜಾಗ ಇಂಥವನ್ನೇ ಹೋಲಿಸುತ್ತಾ ಎರಡು ಸಂಜೆ ಕಳೆದಿದ್ದೆ. ಆ ಎರಡು ಸಂಜೆಗಳು ವ್ಯರ್ಥ. ಬ್ಯಾಂಕಾಕಿನಿಂದ ಚಿಯಾಂಗ್ ಮಾಯ್‌ಗೆ ಒಂದೂಕಾಲು ಗಂಟೆ, ಸಮುಯಿ ದ್ವೀಪಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಹೊತ್ತು ಯಾವ ಸೀಟಿನಲ್ಲಾದರೂ ಕೂರಬಹುದು, ಮೊಣಕಾಲು ನೋವಿನ ಅಕ್ಕನೂ ಕೂತಳು. ವ್ಯತ್ಯಾಸವೆಲ್ಲ ನೆಲದ ಮೇಲೆ ಇದೆ: ಯಾವ ನಿಲ್ದಾಣ, ಎಷ್ಟು ಸಾಮಾನು, ತಡವಾದರೆ ಯಾರು ಹೊಣೆ.

ಮೊದಲು ನಿಲ್ದಾಣದ ವಿಚಾರ. ಬ್ಯಾಂಕಾಕಿಗೆ ಎರಡು ವಿಮಾನ ನಿಲ್ದಾಣಗಳಿವೆ. ಹೊರದೇಶದಿಂದ ಬರುವ ಬಹುತೇಕ ದೊಡ್ಡ ಸಂಸ್ಥೆಗಳ ವಿಮಾನಗಳು ಇಳಿಯುವುದು ಪೂರ್ವದಲ್ಲಿರುವ ಸುವರ್ಣಭೂಮಿಯಲ್ಲಿ, 2006ರಲ್ಲಿ ಆರಂಭವಾದ ನಿಲ್ದಾಣ ಅದು. ಉತ್ತರದಲ್ಲಿರುವ ಡಾನ್ ಮುವಾಂಗ್ 1914ರಷ್ಟು ಹಳೆಯದು; ಏರ್ ಏಷ್ಯಾ, ನೋಕ್ ಏರ್, ಥಾಯ್ ಲಯನ್ ಏರ್ ಮುಂತಾದ ಅಗ್ಗದ ಸಂಸ್ಥೆಗಳ ಮನೆ. (ಇಲ್ಲಿ ಎರಡು ರನ್‌ವೇಗಳ ನಡುವೆ ಒಂದು ಗಾಲ್ಫ್ ಮೈದಾನವಿದೆ. ಕಿಟಕಿಯ ಸೀಟು ಸಿಕ್ಕರೆ ನೋಡಿ.) ಥಾಯ್ ಏರ್‌ವೇಸ್ ಮತ್ತು ಬ್ಯಾಂಕಾಕ್ ಏರ್‌ವೇಸ್ ದೇಶದೊಳಗಿನ ಊರುಗಳಿಗೂ ಸುವರ್ಣಭೂಮಿಯಿಂದಲೇ ಹಾರುತ್ತವೆ. ಎರಡು ನಿಲ್ದಾಣಗಳ ನಡುವೆ ರಸ್ತೆಯಲ್ಲಿ ಸುಮಾರು 40 ಕಿಲೋಮೀಟರ್, ಅದೂ ಬ್ಯಾಂಕಾಕಿನ ಸಂಚಾರದಲ್ಲಿ.

ಹಾಗಾಗಿ ಹೊರದೇಶದಿಂದ ಇಳಿದ ದಿನವೇ ಮುಂದಿನ ಊರಿಗೆ ಹಾರುವವರು ಬೆಲೆ ನೋಡುವ ಮೊದಲು ಟಿಕೆಟ್ಟಿನ ಮೂರಕ್ಷರ ನೋಡಬೇಕು. ಬಿಕೆಕೆ ಎಂದರೆ ಸುವರ್ಣಭೂಮಿ, ಡಿಎಂಕೆ ಎಂದರೆ ಡಾನ್ ಮುವಾಂಗ್. ಟಿಕೆಟ್ ಹುಡುಕುವ ತಾಣಗಳು ಎರಡನ್ನೂ 'ಬ್ಯಾಂಕಾಕ್' ಎಂದೇ ತೋರಿಸುತ್ತವೆ. ಅಗ್ಗವೂ ಬೇಕು, ನಿಲ್ದಾಣ ಬದಲಿಸುವ ಗೋಜೂ ಬೇಡ ಎನ್ನುವವರಿಗೆ ಥಾಯ್ ವಿಯೆಟ್‌ಜೆಟ್ ಇದೆ, ಅದು ಅಗ್ಗದ ಸಂಸ್ಥೆಯಾದರೂ ಹಾರುವುದು ಸುವರ್ಣಭೂಮಿಯಿಂದ. ಬ್ಯಾಂಕಾಕಿನಲ್ಲಿ ಎರಡು ದಿನ ಉಳಿದು ಆಮೇಲೆ ಮುಂದೆ ಹೋಗುವವರಿಗೆ ಮಾತ್ರ ಈ ಚಿಂತೆ ಇಲ್ಲ. ಡಾನ್ ಮುವಾಂಗ್‌ಗೆ 2021ರಿಂದ ಕೆಂಪು ಮಾರ್ಗದ ರೈಲು ಇದೆ. ಬಾಂಗ್ ಸ್ಯೂ ಬಳಿಯ ಕ್ರುಂಗ್ ಥೆಪ್ ಅಭಿವತ್ ನಿಲ್ದಾಣದಲ್ಲಿ ಮೆಟ್ರೋದಿಂದ ಇಳಿದು ಅದನ್ನು ಹಿಡಿಯಬಹುದು. ಸುವರ್ಣಭೂಮಿಯಿಂದ ನಗರದ ಫಯಾ ಥಾಯ್‌ಗೆ ಬೇರೆಯೇ ರೈಲು ಇದೆ. ಎರಡು ಕಡೆಯೂ ಟ್ಯಾಕ್ಸಿಗಿಂತ ರೈಲೇ ನಂಬಿಕಸ್ಥ.

ಚಿಯಾಂಗ್ ಮಾಯ್‌ಗೆ ಅಗ್ಗದ ವಿಮಾನ ಆರಿಸಿಕೊಂಡಿದ್ದಕ್ಕೆ ನನಗೆ ವಿಷಾದವಿಲ್ಲ. ಆ ದಾರಿಯಲ್ಲಿ ದಿನಕ್ಕೆ ಬೇಕಾದಷ್ಟು ವಿಮಾನಗಳಿವೆ, ಅಲ್ಲಿನ ನಿಲ್ದಾಣ ಹಳೆಯ ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ. ಬೆಳಗಿನ ತಿಂಡಿ ಬ್ಯಾಂಕಾಕಿನಲ್ಲಿ, ಮಧ್ಯಾಹ್ನದ ಊಟ ಚಿಯಾಂಗ್ ಮಾಯ್‌ನಲ್ಲಿ. ಚೀಲದ ಪಾಠವೊಂದನ್ನು ಮಾತ್ರ ಮರೆಯಬೇಡಿ. ಅಗ್ಗದ ಸಂಸ್ಥೆಗಳು ಸಾಮಾನ್ಯವಾಗಿ ಕೊಡುವ 7 ಕಿಲೋ ಬೆನ್ನುಚೀಲ, ಕೈಚೀಲ ಎರಡೂ ಸೇರಿ. ಹೆಚ್ಚಿನ ಸಾಮಾನಿಗೆ ಟಿಕೆಟ್ ಕೊಳ್ಳುವಾಗಲೇ ಹಣ ಕಟ್ಟಿದರೆ ಕಡಿಮೆ, ಕೌಂಟರಿನಲ್ಲಿ ಹೆಚ್ಚು, ವಿಮಾನದ ಬಾಗಿಲಲ್ಲಿ ಅದಕ್ಕಿಂತಲೂ ಹೆಚ್ಚು. ಮುಂದಿನ ಅಗ್ಗದ ಹಾರಾಟಕ್ಕೆ ನಾವು ಒಬ್ಬರ ಹೆಸರಿನಲ್ಲಿ 20 ಕಿಲೋ ಮೊದಲೇ ಕೊಂಡು ಇಬ್ಬರ ಸಾಮಾನನ್ನೂ ಅದರಲ್ಲೇ ತುಂಬಿದೆವು. ಇಬ್ಬರಿಗೂ ಬೇರೆ ಬೇರೆ ಕೊಳ್ಳುವುದು ದಂಡ.

ಹೆಸರಿನ ತೊಡಕನ್ನೂ ಹೇಳಿಬಿಡುತ್ತೇನೆ. ದೇಶದೊಳಗಿನ ಹಾರಾಟವಾದರೂ ವಿದೇಶಿಯರು ಪಾಸ್‌ಪೋರ್ಟ್ ತೋರಿಸಬೇಕು, ಟಿಕೆಟ್ಟಿನ ಹೆಸರು ಅದಕ್ಕೆ ಹೊಂದಬೇಕು. ಅಕ್ಕನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ. ಟಿಕೆಟ್ ತಾಣವೋ ಉಪನಾಮ ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ಇಂಥವರು ಏನು ಬರೆಯಬೇಕು ಎಂಬುದಕ್ಕೆ ಒಂದೊಂದು ಸಂಸ್ಥೆಯದು ಒಂದೊಂದು ನಿಯಮ, ಅವರ ತಾಣದಲ್ಲೇ ಹುಡುಕಿ ಓದಿ. ಅಂದಾಜಿನಲ್ಲಿ ತುಂಬಿ ಆಮೇಲೆ ತಿದ್ದಿಸಲು ಹೋದರೆ ಅಗ್ಗದ ಟಿಕೆಟ್ ಅಗ್ಗವಾಗಿ ಉಳಿಯುವುದಿಲ್ಲ.

ನಾವು ಹೋದದ್ದು ಜನವರಿಯ ಕೊನೆಯಲ್ಲಿ. ನವೆಂಬರಿನ ಯೀ ಪೆಂಗ್ ಹಬ್ಬಕ್ಕೆ, ಆಕಾಶಕ್ಕೆ ದೀಪ ಬಿಡುವುದನ್ನು ನೋಡಲು ಚಿಯಾಂಗ್ ಮಾಯ್‌ಗೆ ಹೋಗುವವರು ಇನ್ನೊಂದು ಮಾತು ನೆನಪಿಡಿ. ಆ ದಿನಗಳಲ್ಲಿ ದೀಪಗಳು ವಿಮಾನಕ್ಕೆ ಅಡ್ಡ ಬರುತ್ತವೆ ಎಂದು ಸಂಜೆಯ, ರಾತ್ರಿಯ ಹಾರಾಟಗಳನ್ನು ರದ್ದು ಮಾಡುವುದು, ಸಮಯ ಬದಲಿಸುವುದು ಮಾಮೂಲು. ಅಗ್ಗದ್ದೋ ದುಬಾರಿಯೋ, ಬೆಳಗಿನ ವಿಮಾನವನ್ನೇ ಹಿಡಿಯಿರಿ.

ಇನ್ನು ಸಮುಯಿ. ಇಲ್ಲಿ ದುಬಾರಿ ಎಂಬುದು ಆಯ್ಕೆಯೇ ಅಲ್ಲ, ಬಹುಪಾಲು ಅನಿವಾರ್ಯ. 1989ರಲ್ಲಿ ತೆರೆದ ಆ ದ್ವೀಪದ ನಿಲ್ದಾಣವನ್ನು ಕಟ್ಟಿದ್ದು, ನಡೆಸುತ್ತಿರುವುದು ಬ್ಯಾಂಕಾಕ್ ಏರ್‌ವೇಸ್ ಸಂಸ್ಥೆಯೇ; ಬ್ಯಾಂಕಾಕಿನಿಂದ ಅಲ್ಲಿಗೆ ಹಾರುವುದೂ ಮುಖ್ಯವಾಗಿ ಅದೇ. ಚಿಯಾಂಗ್ ಮಾಯ್‌ಗೆ ಒಬ್ಬರಿಗೆ 1,200 ಬಾತ್‌ನಲ್ಲಿ ಹೋಗಿದ್ದ ನಾವು, ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ಹಾರಾಟಕ್ಕೆ ಒಬ್ಬರಿಗೆ 3,900 ಬಾತ್ ಕೊಟ್ಟೆವು. ಕೊಡುವಾಗ ಕೈ ನಡುಗಿದ್ದು ನಿಜ.

ಕೊಟ್ಟದ್ದಕ್ಕೆ ಸಿಕ್ಕಿದ್ದೇನು? ಸಾಮಾನು ಟಿಕೆಟ್ಟಿನಲ್ಲೇ ಸೇರಿತ್ತು, ಯಾರೂ ಬೆನ್ನುಚೀಲ ತೂಗಲಿಲ್ಲ. ಸುವರ್ಣಭೂಮಿಯಲ್ಲಿ ಈ ಸಂಸ್ಥೆ ಮಾಮೂಲು ಟಿಕೆಟ್ಟಿನ ಪ್ರಯಾಣಿಕರಿಗೂ ಒಂದು ವಿಶ್ರಾಂತಿ ಕೋಣೆ ಇಟ್ಟಿದೆ. ಅಲ್ಲಿ ಕಾಫಿ, ಹಣ್ಣಿನ ರಸ, ಪಾಪ್‌ಕಾರ್ನ್, ಜೊತೆಗೆ ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಸಿಹಿ, ಖಾವ್ ತೊಮ್ ಮತ್ ಎಂದು ಅದರ ಹೆಸರು. ತೆಂಗಿನ ಹಾಲು, ಒಳಗೆ ಬಾಳೆಹಣ್ಣು. ಅಕ್ಕ ನಾಲ್ಕು ತಿಂದಳು. "ನೀನು ಸುಮ್ಮನೆ ನಡುಗಿದೆ, ಮೂರು ಸಾವಿರ ಇಲ್ಲೇ ತೀರುತ್ತದೆ" ಎಂದಳು. ವಿಮಾನದಲ್ಲೂ ಊಟ ಕೊಟ್ಟರು. ಸಸ್ಯಾಹಾರ ಬೇಕಾದವರು ಅದನ್ನು ಮೊದಲೇ ಹೇಳಿಡಬೇಕು. ನಾವು ಹೇಳಿರಲಿಲ್ಲ, ಹಣ್ಣಿನಲ್ಲೇ ಮುಗಿಸಿದೆವು.

ಸಮುಯಿ ನಿಲ್ದಾಣವನ್ನು ನೋಡುವುದೇ ಒಂದು ಸಂತೋಷ. ಹುಲ್ಲು ಹೊದಿಸಿದಂಥ ಮಾಡು, ಗೋಡೆಗಳಿಲ್ಲದ ಜಗಲಿಗಳು, ವಿಮಾನದಿಂದ ಇಳಿದವರನ್ನು ಕರೆತರಲು ಬದಿ ತೆರೆದ ಬಣ್ಣದ ಗಾಡಿಗಳು. ಇಳಿದು ಅರ್ಧ ಗಂಟೆಯೊಳಗೆ ನಾವು ಕೋಣೆಯಲ್ಲಿದ್ದೆವು. ನಾನು ಹಣ ಕೊಟ್ಟು ಕೊಂಡದ್ದು ಈ ಅರ್ಧ ಗಂಟೆಯನ್ನೇ ಎಂಬುದು ತಿಳಿದದ್ದು ಹಿಂದಿರುಗುವ ದಿನ.

ಹಿಂದಿರುಗುವಾಗ ಹಣ ಉಳಿಸೋಣ ಎಂದು ಎಲ್ಲರೂ ಹೇಳುವ ಅಗ್ಗದ ದಾರಿ ಹಿಡಿದಿದ್ದೆ: ಸಮುಯಿಯಿಂದ ಹಡಗಿನಲ್ಲಿ ಡೊನ್‌ಸಕ್ ಬಂದರು, ಅಲ್ಲಿಂದ ಬಸ್ಸಿನಲ್ಲಿ ಸೂರತ್ ಥಾನಿ ನಿಲ್ದಾಣ, ಅಲ್ಲಿಂದ ಅಗ್ಗದ ವಿಮಾನದಲ್ಲಿ ಡಾನ್ ಮುವಾಂಗ್. ಅದೇ ರಾತ್ರಿ ಹತ್ತೂವರೆಗೆ ಸುವರ್ಣಭೂಮಿಯಿಂದ ತಾಯ್ನಾಡಿಗೆ ವಿಮಾನ. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಏಳೂವರೆಗೆ ಕೋಣೆ ಬಿಟ್ಟೆವು. ಹಡಗು ಒಂದೂವರೆ ಗಂಟೆ, ಬಸ್ಸು ಸುಮಾರು ಎರಡು ಗಂಟೆ. ಹನ್ನೆರಡೂವರೆಗೆ ಸೂರತ್ ಥಾನಿ ತಲುಪಿ, ಎರಡೂ ನಲವತ್ತರ ವಿಮಾನಕ್ಕೆ ಕಾದು ಕೂತೆವು. ಅದು ಹಾರಿದ್ದು ನಾಲ್ಕೂವರೆಗೆ. ಎರಡು ಗಂಟೆಗಿಂತ ಹೆಚ್ಚು ತಡವಾದರೆ ಸಂಸ್ಥೆ ಊಟ, ನೀರು ಕೊಡಬೇಕೆಂದು ಅಲ್ಲಿ ನಿಯಮವಿದೆ. ನಮ್ಮದು ತಡವಾದದ್ದು ಒಂದು ಗಂಟೆ ಐವತ್ತು ನಿಮಿಷ.

ಡಾನ್ ಮುವಾಂಗ್‌ನಲ್ಲಿ ಸಾಮಾನು ಕೈಗೆ ಬರುವಷ್ಟರಲ್ಲಿ ಆರು ಗಂಟೆ, ಅದೂ ಶುಕ್ರವಾರದ ಸಂಜೆ. ಎರಡು ನಿಲ್ದಾಣಗಳ ನಡುವೆ ಉಚಿತ ಬಸ್ಸು ಓಡುತ್ತದೆ, ಮುಂದಿನ ವಿಮಾನದ ಟಿಕೆಟ್ ತೋರಿಸಿದರೆ ಹತ್ತಿಸಿಕೊಳ್ಳುತ್ತಾರೆ. ನಮ್ಮ ಕಣ್ಣೆದುರಿಗೇ ಒಂದು ತುಂಬಿ ಹೊರಟುಹೋಯಿತು. ಮುಂದಿನದಕ್ಕೆ ಕಾಯುವ ಧೈರ್ಯವಾಗದೆ ಟ್ಯಾಕ್ಸಿ ಹಿಡಿದೆವು: ಮೀಟರಿನ ಹಣ, ನಿಲ್ದಾಣದ ಶುಲ್ಕ 50 ಬಾತ್, ಮೇಲು ರಸ್ತೆಗಳ ಸುಂಕ ಎಲ್ಲ ನಮ್ಮದೇ. ಸುವರ್ಣಭೂಮಿ ತಲುಪಿದ್ದು ಎಂಟೂ ಹತ್ತಕ್ಕೆ. ಕೌಂಟರ್ ಮುಚ್ಚಲು ಇನ್ನೂ ಸಮಯವಿತ್ತು, ಆದರೆ ದಾರಿಯುದ್ದಕ್ಕೂ ಅಕ್ಕ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಆ ದಾರಿಯಲ್ಲಿ ಯಾವ ಕೊಂಡಿ ಕಳಚಿದ್ದರೂ ಮುಂದಿನ ಟಿಕೆಟ್ ಮುಳುಗುತ್ತಿತ್ತು. ಹಡಗಿನವರಿಗೆ ವಿಮಾನದ ಚಿಂತೆಯಿಲ್ಲ, ಅಗ್ಗದ ವಿಮಾನದವರಿಗೆ ನಮ್ಮ ಅಂತರರಾಷ್ಟ್ರೀಯ ವಿಮಾನದ ಚಿಂತೆಯಿಲ್ಲ. ಎಲ್ಲವೂ ಬೇರೆ ಬೇರೆ ಟಿಕೆಟ್ಟುಗಳು. ಒಳಗಿನ ಹಾರಾಟವೂ ಅಂತರರಾಷ್ಟ್ರೀಯ ಹಾರಾಟವೂ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಅವರದು. ಹೆಚ್ಚು ಹಣ ಕೊಡಲು ತಕ್ಕ ಕಾರಣ ನನಗೆ ಇದೊಂದೇ ಕಾಣುತ್ತದೆ, ಅಂಟಕ್ಕಿಯ ಸಿಹಿ ಬಿಟ್ಟರೆ.

ಮತ್ತೆ ಹೋದರೆ ಕ್ರಮ ತಿರುಗಿಸುತ್ತೇನೆ. ಹೋಗುವಾಗ ಹಡಗು, ಬರುವಾಗ ವಿಮಾನ. ಹೋಗುವ ದಿನ ನಾಲ್ಕು ಗಂಟೆ ತಡವಾದರೆ ಹಾಳಾಗುವುದು ಕಡಲ ತೀರದ ಒಂದು ಸಂಜೆ ಮಾತ್ರ, ಡೊನ್‌ಸಕ್‌ನಿಂದ ಹೊರಟ ಹಡಗಿನ ಮೇಲ್ಮಹಡಿಯೂ ಕೂರಲು ಚೆನ್ನಾಗಿಯೇ ಇರುತ್ತದೆ. ಮನೆಗೆ ಹೊರಡುವ ದಿನ ಮಾತ್ರ ಸಮುಯಿಯಿಂದ ನೇರ ಸುವರ್ಣಭೂಮಿಗೇ ಬಂದಿಳಿಯುವ ಟಿಕೆಟ್, ಅದೂ ಮಧ್ಯಾಹ್ನದ್ದು. ಇಲ್ಲವೇ ಹಿಂದಿನ ದಿನವೇ ಬ್ಯಾಂಕಾಕಿಗೆ ಬಂದು ಒಂದು ರಾತ್ರಿ ಉಳಿಯುವುದು. ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಮುಂದಿನ ಸಲದ ಟಿಕೆಟ್ಟುಗಳನ್ನು ತಾನೇ ಕೊಳ್ಳುತ್ತೇನೆ ಎಂದಳು.