ಕಾರಿಗೂ ಯೂರಿಯಾ ಬೇಕಂತೆ

ಕಾರಿನ ಪರದೆಯ ಮೇಲೆ ಆ ಹಳದಿ ಅಕ್ಷರ ಮೊದಲ ಸಲ ಕಾಣಿಸಿಕೊಂಡಿದ್ದು ದಸರಾ ಹೊತ್ತಿಗೆ. ಆಡ್‌ಬ್ಲೂ ತುಂಬಿಸಿ, ಇಲ್ಲದಿದ್ದರೆ 1000 ಕಿಲೋಮೀಟರ್ ಆದ ಮೇಲೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಅಂತ. ಸಾವಿರ ಅಲ್ವಾ, ನೋಡೋಣ ಅಂದುಕೊಂಡೆ. ದಾವಣಗೆರೆಯ ವಿದ್ಯಾನಗರದ ಮನೆಯಿಂದ ಚೌಕಿಪೇಟೆಯ ಅಂಗಡಿಗೆ ಹೋಗಿ ಬರುವವನಿಗೆ ಸಾವಿರ ಕಿಲೋಮೀಟರ್ ಮುಗಿಯೋದು ಯಾವ ಕಾಲಕ್ಕೆ? ಆದರೆ ನಡುವೆ ಬೆಂಗಳೂರಲ್ಲೊಂದು ಗೃಹಪ್ರವೇಶ ಬಂತು, ಹುಬ್ಬಳ್ಳಿಯಲ್ಲೊಂದು ನಿಶ್ಚಿತಾರ್ಥ ಬಂತು. ದೀಪಾವಳಿ ಕಳೆದ ಮೊದಲ ಭಾನುವಾರ ಆನಗೋಡು ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ, ಅವ್ವ, ಚಿಕ್ಕವ್ವನನ್ನು ಹತ್ತಿಸಿಕೊಂಡು ಬಟನ್ ಒತ್ತಿದಾಗ ಪರದೆಯ ಮೇಲೆ ಉಳಿದಿದ್ದು 170.

ನಾವು ಹೊರಟಿದ್ದು ಮಾರಿಕಣಿವೆಗೆ, ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟೆಗೆ. ಹೋಗಿ ಬರೋಕೆ ಇನ್ನೂರರ ಮೇಲೆ.

ಅಪ್ಪ ಮುಂದೆ ಕೂತಿದ್ದರು. "ಏನೋ ಅದು, ಬರೆದಿದ್ದು?"

"ಏನಿಲ್ಲಪ್ಪ. ಗಾಡಿಗೆ ಯೂರಿಯಾ ಹಾಕ್ಬೇಕಂತೆ."

ಅಪ್ಪ ನನ್ನ ಮುಖ ನೋಡಿದರು. ಮತ್ತೆ ಪರದೆ ನೋಡಿದರು. ಅದೇ ಮುಂಗಾರಲ್ಲಿ ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಹಾಕುವ ಹೊತ್ತಿಗೆ, ಆಧಾರ್ ಕಾರ್ಡ್ ಹಿಡಿದು ಸೊಸೈಟಿ ಮುಂದೆ ಬೆಳಿಗ್ಗೆ ಐದಕ್ಕೇ ಸಾಲಲ್ಲಿ ನಿಂತಿದ್ದವರು ಅವರು. ಸಿಕ್ಕಿದ್ದು ಎರಡು ಚೀಲ.

"ಕಾರಿಗೆ?"

"ಹೂಂ."

"ಎಷ್ಟು ಚೀಲ?"

ಹಿಂದೆ ನನ್ನ ಹೆಂಡತಿ ನಗು ತಡೆಯೋಕೆ ಆಗದೆ ಕೆಮ್ಮಿದಳು.

ವಿಷಯ ಇಷ್ಟೇ. 2020ರ ಏಪ್ರಿಲ್‌ನಿಂದ ಗಾಡಿಗಳ ಹೊಗೆಗೆ ಬಿ.ಎಸ್.6 ಅನ್ನುವ ಬಿಗಿ ನಿಯಮ ಬಂತಲ್ಲ, ಆಮೇಲೆ ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಹೊಗೆ ತೊಳೆಯೋಕೆ ಅಂತಲೇ ಇನ್ನೊಂದು ಟ್ಯಾಂಕ್ ಇರುತ್ತದೆ. ಅದರೊಳಗೆ ಶುದ್ಧ ನೀರಲ್ಲಿ ಕರಗಿಸಿದ ಯೂರಿಯಾ, ಶೇಕಡಾ 32.5. ಆಡ್‌ಬ್ಲೂ ಅನ್ನೋದು ಇದಕ್ಕೇ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಗೆ ಅದನ್ನು ಚಿಮುಕಿಸುತ್ತಾರೆ. ಅದು ಅಮೋನಿಯಾ ಆಗಿ, ಹೊಗೆಯಲ್ಲಿರುವ ಕೆಟ್ಟ ನೈಟ್ರೋಜನ್ ಆಕ್ಸೈಡನ್ನು ಸಾದಾ ನೈಟ್ರೋಜನ್ ಮತ್ತು ನೀರಾಗಿ ಮಾಡುತ್ತದೆ. ಅದು ಪೂರ್ತಿ ಖಾಲಿಯಾದರೆ ಓಡುತ್ತಿರುವ ಎಂಜಿನ್ ನಿಲ್ಲುವುದಿಲ್ಲ. ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿ, "ಸೊಸೈಟಿದು ಎರಡು ಹಿಡಿ ನೀರಲ್ಲಿ ಕಲಸಿ ಹಾಕಿದ್ರೆ ಆಗಲ್ವಾ?" ಅಂದರು. ಆಗಲ್ಲ. ಗೊಬ್ಬರದ ಯೂರಿಯಾದಲ್ಲಿ ಬೇರೆ ಏನೇನೋ ಇರುತ್ತೆ, ಸಣ್ಣ ನಳಿಕೆಗಳು ಕಟ್ಟಿಕೊಳ್ಳುತ್ತವೆ. "ಹಂಗಾದ್ರೆ ಇದು ನಮ್ಮ ಯೂರಿಯಾಕ್ಕಿಂತ ಮಡಿ" ಅಂದರು ಅಪ್ಪ.

ಕಾರಿನ ಹೆಸರು ಹೇಳೋದಿಲ್ಲ. ಮೂರು ಸಾಲಿನ, ಏಳು ಸೀಟಿನ, ದೊಡ್ಡ ಎಸ್‌ಯುವಿ. ಬೆಂಗಳೂರಲ್ಲಿ ಮೂರು ವರ್ಷ ಓಡಿದ್ದನ್ನು ತಗೊಂಡೆ. ಹೊಸದು ನನ್ನ ಕೈಗೆ ಎಟುಕುವಂಥದ್ದಲ್ಲ. ನಮ್ಮ ರಾಜ್ಯದಲ್ಲಿ 20 ಲಕ್ಷದ ಮೇಲಿನ ಗಾಡಿಗೆ ರಸ್ತೆ ತೆರಿಗೆಯೇ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. ಆ ತೆರಿಗೆಯನ್ನು ಮೊದಲಿನ ಮಾಲೀಕ ಕಟ್ಟಿದ್ದ, ಪುಣ್ಯಾತ್ಮ.

ಹಳ್ಳಿಯಿಂದ ಹೆದ್ದಾರಿಗೆ ಬರುವ ದಾರಿಯ ಅರ್ಧಕ್ಕೆ ಮೆಕ್ಕೆಜೋಳ ಹರಡಿದ್ದರು. ಈ ಹಂಗಾಮಲ್ಲಿ ನಮ್ಮ ಕಡೆ ರಸ್ತೆ ಅಂದರೆ ಕಣವೇ. ಕಾರಿನ ನಾಲ್ಕು ಕ್ಯಾಮೆರಾ ಸೇರಿಸಿ ಮೇಲಿಂದ ನೋಡಿದ ಹಾಗೆ ಚಿತ್ರ ಕೊಡುತ್ತದೆ. ಗಾಡಿ ನಡುವೆ, ಸುತ್ತ ಏನಿದೆಯೋ ಅದೆಲ್ಲ. ಟೈರು ಕಾಳಿನ ಮೇಲೆ ಹೋಗಬಾರದು ಅಂತ ಅದನ್ನು ಹಾಕಿದೆ. ಪರದೆ ತುಂಬ ಹಳದಿ. ಅಪ್ಪ ಬಗ್ಗಿ ನೋಡಿ, "ಇನ್ನೂ ಎರಡು ಬಿಸಿಲು ಬೇಕು ಇದಕ್ಕೆ" ಅಂದರು. ಕಿಟಕಿಯಿಂದ ನೋಡಿದ್ದಲ್ಲ, ಪರದೆಯಲ್ಲಿ ನೋಡಿ ಹೇಳಿದ್ದು. ಆ ಕ್ಯಾಮೆರಾ ಮಾಡಿದವರಿಗೆ ಈ ಉಪಯೋಗ ಹೊಳೆದಿರಲಿಕ್ಕಿಲ್ಲ.

ಅವ್ವನದು ಬೇರೆ ಕಥೆ. ಎರಡೂ ಮೊಣಕಾಲು ನೋವು. ಈ ಗಾಡಿಗೆ ಗಾಳಿಯ ಸಸ್ಪೆನ್ಶನ್ ಇದೆ, ಒಂದು ಬಟನ್ ಒತ್ತಿದರೆ ಕೆಳಗೆ ಇಳಿಯುತ್ತದೆ. ತಗೊಳ್ಳುವಾಗ ನಾನು ಸೋತಿದ್ದೇ ಅದಕ್ಕೆ. ಅವ್ವನಿಗೆ ಹತ್ತೋಕೆ ಸಲೀಸು ಅಂತ. ಬುಸ್ ಅಂತ ಸದ್ದು ಮಾಡಿ ನಾಲ್ಕು ಬೆರಳಷ್ಟು ಇಳಿಯಿತು. ಅವ್ವ ನೋಡಿದರು. "ಇಷ್ಟೇನಾ?" ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯುವಾಗ ಕೂರುವ ಮಣೆ ತಂದರು. ಈಗ ಅದು ಡಿಕ್ಕಿಯಲ್ಲೇ ಇರುತ್ತದೆ. ಇಳಿಯುವಾಗ ಒಬ್ಬರು ಓಡಿ ಹೋಗಿ ಹಾಕಬೇಕು.

ಹೆದ್ದಾರಿ ಸೇರಿದ ಮೇಲೆ ನಾನು ತಂತ್ರಜ್ಞಾನ ತೋರಿಸೋಕೆ ಶುರು ಮಾಡಿದೆ. ಗಾಡಿ ತಗೊಂಡ ಹೊಸದರಲ್ಲಿ ಎಲ್ಲರಿಗೂ ಇರುವ ಕಾಯಿಲೆ ಇದು. ಮುಂದಿನ ಗಾಡಿಯ ದೂರ ಅಳೆಯುವ ರಾಡಾರ್ ಬಂಪರ್ ಹತ್ತಿರ ಇರುತ್ತದೆ. 90ಕ್ಕೆ ಇಟ್ಟು ಕಾಲು ತೆಗೆದರೆ ತಾನೇ ವೇಗ ಕಡಿಮೆ ಮಾಡಿ, ತಾನೇ ಹೆಚ್ಚಿಸಿ, ಅಂತರ ಕಾಯ್ದುಕೊಂಡು ಹೋಗುತ್ತದೆ. "ನೋಡಿ, ಕಾಲಿಲ್ಲ" ಅಂತ ಅಪ್ಪನಿಗೆ ತೋರಿಸಿದೆ. ಅಷ್ಟರಲ್ಲಿ ಆ ಅಂತರದೊಳಗೆ ಒಂದು ಬೈಕು ನುಗ್ಗಿತು. ಕಾರು ಹಿಂದೆ ಸರಿಯಿತು. ಮತ್ತೆ ಅಂತರ ಆಯಿತು. ಒಂದು ಕಾರು ನುಗ್ಗಿತು. ಮತ್ತೆ ಹಿಂದೆ. ನಮ್ಮ ಹೆದ್ದಾರಿಯಲ್ಲಿ ಖಾಲಿ ಜಾಗ ಅಂದರೆ ಯಾರೋ ನಮಗಾಗಿ ಬಿಟ್ಟಿದ್ದು ಅಂತಲೇ ಅರ್ಥ ಅಲ್ವಾ. ಹೆಬ್ಬಾಳು ಟೋಲ್ ಬರುವಷ್ಟರಲ್ಲಿ ಊರಿನವರಿಗೆಲ್ಲ ದಾರಿ ಬಿಟ್ಟುಕೊಟ್ಟಿದ್ದೆವು. "ರೀ, ಓಡಿಸ್ತಿರೋದು ನೀವೋ ಅದೋ?" ಅಂತ ಹಿಂದಿನಿಂದ ಬಂತು. ಆಫ್ ಮಾಡಿದೆ.

ಗೆರೆ ದಾಟದಂತೆ ಸ್ಟೀರಿಂಗ್ ಎಳೆಯುವ ವ್ಯವಸ್ಥೆಯನ್ನು ನಾನು ಬಹಳ ದಿನದಿಂದ ಆಫ್ ಮಾಡೇ ಇಟ್ಟಿದ್ದೇನೆ. ಅಂಚಿಗೆ ನಿಂತ ಲಾರಿಯನ್ನು ತಪ್ಪಿಸೋಕೆ ಬಲಕ್ಕೆ ಎಳೆದರೆ, ಇಂಡಿಕೇಟರ್ ಹಾಕಿಲ್ಲ ಅಂತ ಅದು ನನ್ನನ್ನು ವಾಪಸ್ ಲಾರಿ ಕಡೆಗೇ ಎಳೆಯುತ್ತದೆ. ತಪ್ಪು ನನ್ನದೇ, ಇಂಡಿಕೇಟರ್ ಹಾಕಬೇಕಿತ್ತು. ಆದರೂ ಆ ಹೊತ್ತಲ್ಲಿ ಕಾರಿನ ಜೊತೆ ಕೈ ಕೈ ಮಿಲಾಯಿಸೋಕೆ ನನಗೆ ಇಷ್ಟವಿಲ್ಲ.

ಅಪ್ಪನಿಗೆ ಹಿಡಿಸಿದ್ದು ಒಂದೇ ಒಂದು. 80 ದಾಟಿದರೆ ಟಣ್ ಅನ್ನುವುದು. ಅದು ಈ ಕಾರಿನ ವಿಶೇಷ ಏನಲ್ಲ. 2019ರ ಜುಲೈನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ. 120 ದಾಟಿದರೆ ನಿಲ್ಲದೆ ಕೂಗುತ್ತದೆ. ಪ್ರತಿ ಸಲ ಟಣ್ ಅಂದಾಗಲೂ ಅಪ್ಪ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಏನೂ ಹೇಳುತ್ತಿರಲಿಲ್ಲ.

ಭರಮಸಾಗರ ದಾಟುವಾಗ ಅವರು ಇದ್ದಕ್ಕಿದ್ದಂತೆ, "ಲೇ ಹುಡುಗ್ರಾ, ಕಾಲು ಸುಮ್ನೆ ಇಟ್ಕೊಳ್ರಿ" ಅಂದರು. ಮಕ್ಕಳು ಕೂತಿದ್ದು ಮೂರನೇ ಸಾಲಲ್ಲಿ, ಅಷ್ಟು ದೂರದಿಂದ ಒದೆಯೋಕೆ ಸಾಧ್ಯವಿಲ್ಲ. ನೋಡಿದರೆ ಅಪ್ಪನ ಕೈ ತಾಗಿ ಸೀಟಿನ ಮಸಾಜ್ ಶುರುವಾಗಿತ್ತು. ಆಫ್ ಮಾಡಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಇರಲಿ ಬಿಡು, ಒತ್ತಲಿ" ಅಂದರು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣಿಸುವವರೆಗೂ ಒತ್ತಿಸಿಕೊಂಡರು.

ಚಿಕ್ಕವ್ವ ಖಾರಮಂಡಕ್ಕಿಯ ಪೊಟ್ಟಣ ಬಿಚ್ಚಿದ್ದು ಆಗಲೇ. ನಾನು ಕನ್ನಡಿಯಲ್ಲಿ ನೋಡಿದೆ. ಹೇಳೋಕೆ ಬಾಯಿ ಬರಲಿಲ್ಲ. ಈ ಕಾರಿನ ಸೀಟು ತಿಳಿ ಬಣ್ಣದ ತೊಗಲು. ಗಾಳಿ ಬರಲಿ ಅಂತ ಅದರ ತುಂಬ ಸಣ್ಣ ತೂತು, ಕೆಳಗೆ ಫ್ಯಾನು. ದಾವಣಗೆರೆ ಬಿಸಿಲಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಅದನ್ನು ಒಪ್ಪುತ್ತೇನೆ. ಏಪ್ರಿಲ್‌ನಲ್ಲಿ ಬೆನ್ನಿಗೆ ಅಂಗಿ ಅಂಟುವುದಿಲ್ಲ. ಮೇಲೆ ಅಷ್ಟುದ್ದದ ಗಾಜಿನ ಚಾವಣಿ ಇದೆ, ಅದನ್ನು ಮಾತ್ರ ಫೆಬ್ರವರಿಯಿಂದ ಜೂನ್‌ವರೆಗೆ ಪರದೆ ಎಳೆದು ಮುಚ್ಚಿಡಬೇಕು. ಇರಲಿ, ಮಂಡಕ್ಕಿಗೆ ಬರುತ್ತೇನೆ. ಅರಿಶಿನ, ಖಾರ, ಎಣ್ಣೆ ಹಚ್ಚಿದ ಮಂಡಕ್ಕಿ ಆ ತೂತುಗಳ ಮೇಲೆ ಬಿತ್ತು, ಸೀಟು ಹಿಂದೆ ಮುಂದೆ ಹೋಗುವ ಹಳಿಯೊಳಗೂ ಬಿತ್ತು. ಹಿರಿಯೂರಲ್ಲಿ ಮಕ್ಕಳು ಇಳಿಯಬೇಕು ಅಂದಾಗ ಸೀಟು ಅರ್ಧಕ್ಕೆ ಹೋಗಿ ನಿಂತಿತು. ಅಡ್ಡ ಏನೋ ಇದೆ ಅಂತ ಅದಕ್ಕೆ ಗೊತ್ತಾಗುತ್ತದೆ, ಮುಂದೆ ಹೋಗುವುದಿಲ್ಲ. ಹೆಂಡತಿ ಹೇರ್‌ಪಿನ್ನಿನಿಂದ ಒಂದೊಂದೇ ಕಾಳು ತೆಗೆದಳು.

ನಾನು ಹಿರಿಯೂರಿಗೆ ಮುಂಚಿನದನ್ನು ಬಿಟ್ಟೆ. ಐಮಂಗಲ ದಾಟಿದ ಮೇಲೆ ಒಂದು ಬಂಕ್, ಲಾರಿಗಳು ಸಾಲಾಗಿ ನಿಂತಿದ್ದವು. ಪರದೆಯಲ್ಲಿ ಆಗ 85. ಲಾರಿ ಇದ್ದಲ್ಲಿ ಯೂರಿಯಾ ಇರಲೇಬೇಕು ಅಂತ ತಿರುಗಿಸಿದೆ. 20 ಲೀಟರಿನ ಬಕೆಟ್ ಸಿಕ್ಕಿತು. ಬಂಕಿನ ಹುಡುಗ ಕಾರನ್ನು ಒಂದು ಸುತ್ತು ನೋಡಿ, "ಅಣ್ಣಾ, ಇದು ಲಾರಿಗೆ ಹಾಕೋದಲ್ವಾ?" ಅಂದ. ಕಾರಿಗೂ ಹಾಕ್ತಾರಪ್ಪ ಅಂದೆ. ಅವನು ಬಕೆಟ್ ಎತ್ತಿ, ಸೀದಾ ಡೀಸೆಲ್ ಮುಚ್ಚಳಕ್ಕೆ ಕೈ ಹಾಕಿದ.

"ಏ ತಮ್ಮಾ! ನಿಲ್ಲೋ!"

ಪಕ್ಕದ ಲಾರಿಯ ಡ್ರೈವರ್. ರಾಣೇಬೆನ್ನೂರು ಕಡೆಯವರು, ಹಲ್ಲಲ್ಲಿ ಬ್ರಷ್ ಇತ್ತು. "ನೀಲಿ ಮುಚ್ಚಳ ತಗೀಬೇಕು. ಡೀಸೆಲ್ಲಿಗೆ ಬಿದ್ರ ಎಲ್ಲಾ ಹಾಳಾಗ್ತೈತಿ." ಬಾಯಿ ಮುಕ್ಕಳಿಸಿ ಬಂದು, ಖಾಲಿ ನೀರಿನ ಬಾಟಲಿಯ ತಳ ಕತ್ತರಿಸಿ ಆಲಿಕೆ ಮಾಡಿ, ತಾವೇ ಹಾಕಿದರು. ನನಗೆ ಕೈ ನಡುಗುತ್ತಿತ್ತು. ಅದು ಡೀಸೆಲ್ ಟ್ಯಾಂಕಿಗೆ ಬಿದ್ದಿದ್ದರೆ ಪಂಪು, ನಳಿಕೆ ಎಲ್ಲಾ ಹೋದ ಹಾಗೆ. ಆ ಬಿಲ್ಲಿನ ಲೆಕ್ಕ ಮನಸ್ಸಲ್ಲೇ ಓಡಿತು. ಇಷ್ಟೆಲ್ಲ ಸೆನ್ಸರ್ ಇರುವ ಗಾಡಿ, ಕುರಿ ಅಡ್ಡ ಬಂದರೆ ಕೂಗುತ್ತದೆ, ಬೆಲ್ಟ್ ಹಾಕದಿದ್ದರೆ ಕೂಗುತ್ತದೆ. ಟ್ಯಾಂಕಿಗೆ ತಪ್ಪಾಗಿ ಸುರಿಯೋಕೆ ಹೋದರೆ ಮಾತ್ರ ಸುಮ್ನಿರುತ್ತದೆ. "ಪೇಂಟ್ ಮ್ಯಾಲೆ ಬಿದ್ದಿದ್ದು ತೊಳೀರಿ ಸರ್ರ, ಒಣಗಿದ್ರ ಉಪ್ಪಿನಂಗ ಬೆಳ್ಳಗ ಕೂತ್ಕೊಂತೈತಿ" ಅಂತ ಹೇಳಿ ಅವರು ಹೋದರು. ಚಹಾ ಕುಡಿಯಿರಿ ಅಂದರೆ ನಿಲ್ಲಲಿಲ್ಲ.

ಅರ್ಧ ಬಕೆಟ್ ಹಿಡಿಯಿತು. ಗಾಡಿ ಸ್ಟಾರ್ಟ್ ಮಾಡಿದರೆ ಪರದೆಯಲ್ಲಿ ಇನ್ನೂ 85. ಎದೆ ಧಸಕ್ ಅಂತು. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ, ಯಾರೂ ನೋಡದಿದ್ದಾಗ, ಅದೇ ಮಾಯವಾಯಿತು. ಉಳಿದರ್ಧ ಬಕೆಟ್ ಡಿಕ್ಕಿಯಲ್ಲಿ, ಮಣೆಯ ಪಕ್ಕ.

ಹಿರಿಯೂರಿಂದ ಅಣೆಕಟ್ಟೆಯ ಕಡೆ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಗುಂಡಿ. ಅಲ್ಲೇ ನನಗೆ ಕಾರಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದ್ದು. ಹಳೇ ಗಾಡಿಯಲ್ಲಿ ಇಂಥ ದಾರಿಗೆ ಅವ್ವ ಮೇಲಿನ ಹಿಡಿಕೆ ಹಿಡಿದು, ಗುಂಡಿಗೊಂದು ಸಲ "ದುಗ್ಗವ್ವಾ" ಅನ್ನುತ್ತಿದ್ದರು. ಈಗ ಸದ್ದಿಲ್ಲ. ಕನ್ನಡಿಯಲ್ಲಿ ನೋಡಿದರೆ ಬಾಯಿ ತೆರೆದು ನಿದ್ದೆ. ಚಿಕ್ಕವ್ವನ ಹೆಗಲ ಮೇಲೆ ತಲೆ. ಎಸಿ ಗಾಳಿ ಕಾಲಿಗೆ ಬೀಳದಂತೆ ಹೆಂಡತಿ ಅವರ ಕಡೆಯದನ್ನು ಮಾತ್ರ 26ಕ್ಕೆ ಇಟ್ಟಿದ್ದಳು. ಮುಂದೆ ಅಪ್ಪನಿಗೆ 21. ಒಂದೇ ಗಾಡಿಯಲ್ಲಿ ಎರಡು ಹವಾಮಾನ. ಮನೆಯಲ್ಲಿ ಫ್ಯಾನಿನ ಸ್ಪೀಡಿಗೆ ನಲವತ್ತೈದು ವರ್ಷ ಜಗಳ ಆಡಿದವರು ಅವರಿಬ್ಬರು.

ಅಷ್ಟರಲ್ಲಿ ಕುರಿ ಬಂದವು. ನೂರಿನ್ನೂರು ಇರಬೇಕು. ಕಂಬಳಿ ಹೊದ್ದ ಕುರಿಗಾಹಿ ಮುಂದೆ, ಅವನ ನಾಯಿ ಹಿಂದೆ. ನಿಂತೆ. ಕುರಿಗಳು ಕಾರನ್ನು ಬಂಡೆ ಅಂದುಕೊಂಡು ಎರಡೂ ಕಡೆಯಿಂದ ಹರಿದವು. ಪರದೆಯಲ್ಲಿ ಸುತ್ತಲೂ ಕೆಂಪು. ನಾಲ್ಕು ಮೂಲೆಯಲ್ಲೂ ಕೀ ಕೀ ಕೀ. ಅವ್ವ ಎದ್ದರು. "ಯಾಕೆ ಹಿಂಗೆ ಬಡ್ಕೊಂತೈತೆ ಇದು? ಕುರಿ ನೋಡಿಲ್ವಾ?" ಗುಂಡಿಗೆ ಏಳದವರು ಸೆನ್ಸರಿಗೆ ಎದ್ದಿದ್ದರು.

ಜಲಾಶಯದಲ್ಲಿ ನೀರು ಚೆನ್ನಾಗಿತ್ತು. ವೇದಾವತಿಗೆ ಎರಡು ಗುಡ್ಡದ ನಡುವೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಕಲ್ಲಿನ ಕಟ್ಟೆ, 1907ರಲ್ಲಿ ಮುಗಿದಿದ್ದು. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಇಲ್ಲ. 2022ರಲ್ಲಿ ಬಿತ್ತು. ಅಪ್ಪ ಹುಡುಗನಾಗಿದ್ದಾಗಿಂದ ಎಷ್ಟೋ ಸಲ ಬಂದಿದ್ದಾರಂತೆ, ಎಲ್ಲ ಸಲವೂ ಕಂಡಿದ್ದು ಬರೀ ತಳವೇ ಅಂತ ಹೇಳುತ್ತಿದ್ದರು. ಕಟ್ಟೆಯ ಹತ್ತಿರ ಬಹಳ ಹೊತ್ತು ನಿಂತರು. ನಾನು ಫೋನಿನಲ್ಲಿ ಕಾರು ಲಾಕ್ ಆಗಿದೆಯಾ ಅಂತ ಆ್ಯಪ್ ನೋಡುತ್ತಿದ್ದೆ. ನೆಟ್‌ವರ್ಕ್ ಇರಲಿಲ್ಲ, ಅದು ತಿರುಗುತ್ತಲೇ ಇತ್ತು. ಕೊನೆಗೆ ನಡೆದು ಹೋಗಿ ಬಾಗಿಲು ಎಳೆದು ನೋಡಿ ಬಂದೆ. ಕಣಿವೆ ಮಾರಮ್ಮನ ಗುಡಿಯಲ್ಲಿ ಅವ್ವ ಹಣ್ಣುಕಾಯಿ ಮಾಡಿಸಿ, ಒಂದು ನಿಂಬೆಹಣ್ಣು ಕಾರಿಗೂ ಇಟ್ಟರು. ಕುಂಕುಮ ಹಚ್ಚಿದ್ದು ಸರಿಯಾಗಿ ಹಿಂದಿನ ಕ್ಯಾಮೆರಾದ ಮೇಲೆ. ವಾಪಸ್ ತೆಗೆಯುವಾಗ ಪರದೆಯೆಲ್ಲ ಕೆಂಪು. ಒರೆಸೋಣ ಅಂದೆ. "ಇವತ್ತು ಬೇಡ" ಅಂದರು. ತಿರುಗಿ ನೋಡಿಕೊಂಡೇ ರಿವರ್ಸ್ ತೆಗೆದೆ.

ಹಳ್ಳಿ ಮುಟ್ಟಿದಾಗ ಕತ್ತಲಾಗಿತ್ತು. ಮಣೆ ಹಾಕಿ ಅವ್ವನನ್ನು ಇಳಿಸಿದೆವು. ಮಾರಿಕಣಿವೆಗೆ ಹೋಗಿ ಬಂದರೂ ಮೈ ನೋವಿಲ್ಲ ಅಂತ ಅವ್ವ ಅವತ್ತು ರಾತ್ರಿ ಪಕ್ಕದ ಮನೆಯವರಿಗೆಲ್ಲ ಹೇಳಿದರಂತೆ. ಅಪ್ಪ ಡಿಕ್ಕಿಯ ಹತ್ತಿರ ನಿಂತೇ ಇದ್ದರು. ಬಕೆಟ್ ಎತ್ತಿ ಅಲುಗಿಸಿ ನೋಡಿದರು.

"ಇದು ಉಳೀತಲ್ಲ. ಏನ್ಮಾಡ್ತಿ?"

"ಇರಲಿ ಅಪ್ಪ, ಮುಂದಿನ ಸಲ ಬೇಕಾಗುತ್ತೆ."

"ಬಿಸಿಲಿಗೆ ಇಟ್ರೆ ಕೆಡಲ್ವಾ?"

ಕೆಡುತ್ತೆ, ನೆರಳಲ್ಲಿ ಇಡಬೇಕು ಅಂದೆ. ಹಾಗಾದರೆ ದನದ ಕೊಟ್ಟಿಗೆಯಲ್ಲಿ ಇಡ್ತೀನಿ, ತಂಪು ಅಂತ ತಗೊಂಡು ಹೋದರು.

ಎರಡು ವಾರ ಬಿಟ್ಟು ಫೋನ್ ಬಂತು. ಊಟ ಆಯ್ತಾ, ಅಂಗಡಿ ಹೆಂಗೈತೆ ಅಂತೆಲ್ಲ ಕೇಳಿದ ಮೇಲೆ, "ಆ ಯೂರಿಯಾ ನೀರು ಅಡಿಕೆ ಸಸಿಗೆ ಸ್ವಲ್ಪ ಸ್ವಲ್ಪ ಹಾಕಿ ಮುಗಿಸ್ದೆ" ಅಂದರು. "ಬಕೆಟ್ ಭಾಳ ಗಟ್ಟಿ ಐತೆ, ಹಾಲು ಕರೆಯೋಕಲ್ಲ, ನೀರು ಕುಡಿಸೋಕೆ. ಇನ್ನೊಂದು ಯಾವಾಗ ತರ್ತಿ?"