ಗುಳ್ಳೆ ಉಳಿಯದ ಬಾಟಲಿ

ಉತ್ತರ ಅಮೆರಿಕದ ಎರಿ ಸರೋವರದಲ್ಲಿ ಸಂಶೋಧನೆ ಮಾಡಿ, ಆಮೇಲೆ ಮಡಿಕೇರಿಗೆ ಬಂದು ನಮಗೆ ಪಾಠ ಹೇಳಿದ ಸರ್ ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅಂದಿನ ಸಿಲೆಬಸ್ ನಮ್ಮ ಬ್ಯಾಚಿನ ಯಾರಿಗೂ ನೆನಪಿರಲಾರದು. ಹಾರಂಗಿ ಹಿನ್ನೀರಿನಲ್ಲಿ ದೋಣಿ ನಿಲ್ಲಿಸಿ ಅವರು ಕಲಿಸಿದ್ದು ಮಾತ್ರ ಕೈಗೆ ಅಂಟಿಕೊಂಡಿದೆ.

ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಅವರು ನೆಚ್ಚಿದ್ದು 1888ರ ವಿಂಕ್ಲರ್ ವಿಧಾನವನ್ನು. 300 ಮಿಲಿ ಬಾಟಲಿಯ ತಳಕ್ಕೆ ರಬ್ಬರ್ ಕೊಳವೆ ಮುಟ್ಟಿಸಿ, ಎರಡು ಮೂರು ಬಾಟಲಿಯಷ್ಟು ನೀರು ಉಕ್ಕಿ ಹೋಗುವವರೆಗೂ ತುಂಬಿಸಬೇಕು. ಪಿಪೆಟ್ಟಿನ ತುದಿ ನೀರೊಳಗಿಟ್ಟು ಮ್ಯಾಂಗನಸ್ ಸಲ್ಫೇಟ್ 2 ಮಿಲಿ, ಕ್ಷಾರೀಯ ಅಯೋಡೈಡ್ 2 ಮಿಲಿ. ಮುಚ್ಚುವಾಗ ಒಂದು ಗುಳ್ಳೆ ಉಳಿದರೂ ಗಾಳಿಯ ಆಮ್ಲಜನಕ ಸೇರಿ ಲೆಕ್ಕ ಕೆಡುತ್ತದೆ. ಆಮ್ಲಜನಕ ಹಿಡಿದ ಕಂದು ಗಸಿ ಇಳಿದ ಮೇಲೆ ಗಂಧಕಾಮ್ಲ 2 ಮಿಲಿ ಹಾಕಿದರೆ, ಆಮ್ಲಜನಕಕ್ಕೆ ತಕ್ಕಷ್ಟು ಅಯೋಡಿನ್ ಬಿಡುಗಡೆಯಾಗುತ್ತದೆ. ಥಯೋಸಲ್ಫೇಟ್ ಬಿಡುತ್ತ ಬಣ್ಣ ತಿಳಿ ಹಳದಿಗೆ ಬಂದಾಗಲೇ ಪಿಷ್ಟ ಹಾಕಬೇಕು. ಮೊದಲೇ ಹಾಕಿದರೆ ಅಯೋಡಿನ್ ಅದಕ್ಕೆ ಕಚ್ಚಿಕೊಂಡು ನೀಲಿ ಸರಿಯಾಗಿ ಬಿಡುವುದಿಲ್ಲ. ನೀಲಿ ಮಾಯವಾಗುವವರೆಗೆ ಹಿಡಿದ ಥಯೋಸಲ್ಫೇಟಿನ ಅಳತೆಯಿಂದಲೇ ಆಮ್ಲಜನಕದ ಲೆಕ್ಕ. ನಮ್ಮ ಬ್ಯಾಚಿನಷ್ಟು ಚೊಕ್ಕವಾಗಿ ಇದನ್ನು ಮಾಡಿದವರು ಕಡಿಮೆ ಎಂದೇ ನನ್ನ ನಂಬಿಕೆ.

ಆ ಬ್ಯಾಚಿನಲ್ಲೂ ತುಂಟರಿದ್ದರು. ಒಂದು ಬೇಸಿಗೆಯಲ್ಲಿ ಮೇಲ್ಮೈ ನೀರನ್ನೇ ತುಂಬಿ 'ತಳ' ಎಂದು ಚೀಟಿ ಅಂಟಿಸಿದರು. ಗಸಿಯ ಗಾಢ ಕಂದು ಕಂಡೊಡನೆ ಸರ್‌ಗೆ ಗೊತ್ತಾಯಿತು. ಮೇಲಿನ ನೀರು ಕಾದು ಹಗುರವಾಗಿ ನಿಂತರೆ ತಳಕ್ಕೆ ಆಮ್ಲಜನಕ ಇಳಿಯದು. ಅದು ಕಡಿಮೆಯಾದಷ್ಟೂ ಗಸಿ ಬಿಳಿಚುತ್ತದೆ. ಬೈಯಲಿಲ್ಲ, ದೋಣಿಯನ್ನು ವಾಪಸ್ ಕಳಿಸಿದರು. ನೀರು 25ರಿಂದ 26 ಡಿಗ್ರಿಗೆ ಏರಿದಾಗ ಸಾಂದ್ರತೆ ಇಳಿಯುವುದು, 4ರಿಂದ 5ಕ್ಕೆ ಏರಿದಾಗಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚು. ಹಾಗಾಗಿ ನಮ್ಮ ಕಡೆಯ ನೀರು ಪದರವಾಗಲು ಎರಡು ಮೂರು ಡಿಗ್ರಿ ವ್ಯತ್ಯಾಸವೇ ಸಾಕು ಎಂಬುದನ್ನು ಆ ದಿನ ವಿವರಿಸಿದರು.

ಎರಿಗೆ ಪಾಚಿ ಬೆಳೆಸುವ ರಂಜಕ ಹರಿಯುವುದನ್ನು ತಗ್ಗಿಸಲು ಅಮೆರಿಕ, ಕೆನಡಾ 1972ರಲ್ಲಿ ಒಪ್ಪಂದ ಮಾಡಿಕೊಂಡವು. ಕೆನಡಾದ ಒಂಟಾರಿಯೋದಲ್ಲಿ ಸಂಶೋಧಕರು 226ನೇ ನಂಬರಿನ ಕೆರೆಯನ್ನು ಪರದೆಯಿಂದ ಎರಡು ಮಾಡಿ, ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ರಂಜಕವನ್ನೂ ಹಾಕಿದ ಕಡೆಯಷ್ಟೇ ಪಾಚಿ ಬೆಳೆದು ಹಸಿರುಗಟ್ಟಿತು. ಹಾಗೆ ಬೆಳೆದ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಇದನ್ನು ಹೇಳಿದಾಗೆಲ್ಲ ಸರ್ ತೋಟದ ಗೊಬ್ಬರಕ್ಕೂ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೋಡಿಗೆ ಬಿಡುವ ಪಲ್ಪರ್ ನೀರಿಗೂ ಬಂದೇ ಬರುತ್ತಿದ್ದರು. ಪಲ್ಪರ್ ನೀರಿನ ಸಕ್ಕರೆ ಕೊಳೆಯುವಾಗಲೂ ಆಮ್ಲಜನಕ ಖಾಲಿಯಾಗುತ್ತದೆ.

ಈಗಿನ ಮಕ್ಕಳು ಆಮ್ಲಜನಕ ಮೀಟರ್ ಅದ್ದಿ ಅಂಕಿ ಬರೆದುಕೊಳ್ಳುತ್ತಾರೆ. ಎತ್ತರಕ್ಕೆ ತಕ್ಕಂತೆ ಅದನ್ನು ಹೊಂದಿಸಿದ್ದೀರಾ ಎಂದು ಕೇಳುವವರಿಲ್ಲ. 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಗಾಳಿಯ ಒತ್ತಡ ಕಡಿಮೆಯಿರುವ 2859 ಅಡಿ ಎತ್ತರದ ಹಾರಂಗಿಯಲ್ಲಿ ಹಿಡಿಯುವುದು ಸುಮಾರು 7.4 ಮಾತ್ರ. ಸರ್ ಬರೆಸಿದ ದಾಖಲೆ ಪುಸ್ತಕಗಳನ್ನು ಕಾಲೇಜು ಗುಜರಿಗೆ ಹಾಕದಿರಲಿ. ಅದೇ ಜಾಗ, ಅದೇ ಆಳ, ಅದೇ ಹೊತ್ತಿನಲ್ಲಿ ಮುಂದಿನ ಬ್ಯಾಚೂ ಅಳೆಯಲಿ.