ಗ್ಯಾಸ್ ಅಲ್ಲ, ಆತಂಕವೂ ಇರಬಹುದು

ಆತಂಕದ ಕಾಯಿಲೆ ನಮ್ಮ ಕಡೆ ಮನಸ್ಸಿನ ಹೆಸರು ಹೇಳಿಕೊಂಡು ಬರುವುದು ಕಡಿಮೆ. ಗ್ಯಾಸ್ ಅಂತಲೋ ಬಿ.ಪಿ. ಅಂತಲೋ ಬರುತ್ತದೆ. "ಎದಿ ಧಡಧಡ ಅಂತದ್ರಿ, ಹೊಟ್ಟ್ಯಾಗ ಕಲಸಿದಂಗ ಆಗ್ತದ, ಕೈಕಾಲಾಗ ಶಕ್ತಿನ ಇಲ್ಲ" ಎಂದು ಗುಳಿಗೆ ಒಯ್ಯುವವರಿಗೆಲ್ಲ ಈ ಕಾಯಿಲೆ ಇದೆ ಎಂದಲ್ಲ. ಆದರೆ ಇಸಿಜಿ ನಾರ್ಮಲ್ ಬಂದು, ತಿಂಗಳುಗಟ್ಟಲೆ ಗ್ಯಾಸಿನ ಗುಳಿಗೆ ನುಂಗಿದರೂ ತ್ರಾಸು ಹೋಗಿಲ್ಲವೆಂದರೆ ಹೊಟ್ಟೆಯನ್ನೇ ನೋಡುತ್ತ ಕೂರಬಾರದು.

ಚಿಂತೆ ಯಾರಿಗಿಲ್ಲ? ಮಳೆ ಕೈಕೊಟ್ಟಾಗ ಹಾವೇರಿಯ ರೈತನಿಗೆ, ಪರೀಕ್ಷೆಯ ಹಿಂದಿನ ರಾತ್ರಿ ಧಾರವಾಡದ ರೂಮಿನಲ್ಲಿರುವ ಹುಡುಗನಿಗೆ ನಿದ್ದೆ ಹತ್ತದಿದ್ದರೆ ಅದು ಕಾಯಿಲೆಯಲ್ಲ. ಕಾರಣ ತೀರಿದರೂ ಚಿಂತೆ ತೀರದೆ, ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ, 6 ತಿಂಗಳು ಹೆಚ್ಚೂಕಡಿಮೆ ದಿನಾ ಕಾಡಿದರೆ ವೈದ್ಯರು ಆತಂಕದ ಕಾಯಿಲೆಯ ದಿಕ್ಕಿನಲ್ಲಿ ಯೋಚಿಸುತ್ತಾರೆ. ಚಡಪಡಿಕೆ, ಬೇಗ ದಣಿವು, ಮನಸ್ಸು ಒಂದು ಕಡೆ ನಿಲ್ಲದಿರುವುದು, ಸಿಡುಕು, ಕುತ್ತಿಗೆ-ಹೆಗಲ ಬಿಗಿತ, ನಿದ್ದೆಗೇಡು: ಈ ಆರರಲ್ಲಿ ಮೂರಾದರೂ ಜೊತೆಗಿರಬೇಕು. ಮಕ್ಕಳಲ್ಲಿ ಒಂದಿದ್ದರೂ ಸಾಕು. ಇದರಲ್ಲಿ ಮನೆಯವರ ಲೆಕ್ಕಕ್ಕೇ ಬಾರದ್ದು ಸಿಡುಕು. "ಅವಂದು ಸ್ವಭಾವನ ಹಂಗ" ಎಂದು ಬಿಟ್ಟುಬಿಡುತ್ತಾರೆ.

ಪ್ಯಾನಿಕ್ ಅಟ್ಯಾಕ್, ಅಂದರೆ ವಿಪರೀತ ಗಾಬರಿಯ ದಾಳಿ, ಬರುವ ರೀತಿ ಬೇರೆ. ಏಕಾಏಕಿ ಶುರುವಾಗಿ ಸುಮಾರು 10 ನಿಮಿಷದೊಳಗೆ ತುತ್ತತುದಿಗೆ ಏರಿ, ಆಮೇಲೆ ಇಳಿಯುತ್ತದೆ. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಅದನ್ನು ಲಕ್ವಾ, ಹಾರ್ಟ್ ಅಟ್ಯಾಕ್ ಎಂದುಕೊಂಡರೆ ಗಾಬರಿ ಇನ್ನೂ ಏರುತ್ತದೆ. ಹಾಗೆಂದು ಮೊದಲ ಸಲದ ಎದೆನೋವನ್ನು ಮನೆಯಲ್ಲೇ "ಟೆನ್ಶನ್" ಎಂದು ತೀರ್ಮಾನಿಸಬೇಡಿ. ಶುಗರ್, ಬಿ.ಪಿ. ಇದ್ದವರಂತೂ ನೇರ ಆಸ್ಪತ್ರೆಗೆ ಹೋಗಬೇಕು. ಹೃದಯದ ತೊಂದರೆ ಅಲ್ಲವೆಂದು ಖಾತ್ರಿಯಾದ ಮೇಲಷ್ಟೇ ಆತಂಕದ ಮಾತು.

ನನ್ನ ಪ್ರಕಾರ ಎಲ್ಲಕ್ಕಿಂತ ನಂಬಬಹುದಾದ ಗುರುತು ತಪ್ಪಿಸಿಕೊಳ್ಳುವುದು. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆಂದು ಹುಬ್ಬಳ್ಳಿ-ಧಾರವಾಡದ ಎ.ಸಿ. ಚಿಗರಿ ಬಸ್ ಬಿಟ್ಟು, ಕಿಟಕಿ ತೆರೆಯುವ ಬಸ್ಸಿಗೇ ಕಾಯುವುದು. ಸಿಕ್ಕರೂ ಬಾಗಿಲ ಪಕ್ಕದ ಸೀಟೇ ಬೇಕು. ಮದುವೆಯಲ್ಲಿ ಅಕ್ಷತೆ ಬಿದ್ದ ಕೂಡಲೇ ಊಟ ಬಿಟ್ಟು ಹೊರಡುವುದು. ಕಿಸೆಯಲ್ಲಿ ಗುಳಿಗೆ ಇಲ್ಲದೆ ಹೊಸ್ತಿಲು ದಾಟದಿರುವುದು. ಒಂದೊಂದು ಸಲ ತಪ್ಪಿಸಿಕೊಂಡಾಗಲೂ ಜೀವಕ್ಕೆ ಹಾಯೆನಿಸುತ್ತದೆ, ಆ ಹಾಯೇ ಹೆದರಿಕೆಯನ್ನು ಗಟ್ಟಿ ಮಾಡುತ್ತದೆ. ಇವತ್ತು ಬಸ್ಸು, ನಾಳೆ ಸಂತೆ, ಆಮೇಲೆ ಓಣಿಯೂ ದೂರ.

ಇದೇ ಲಕ್ಷಣ ಬೇರೆ ಕಾರಣಕ್ಕೂ ಬರುತ್ತದೆ. ಥೈರಾಯ್ಡ್ ಹೆಚ್ಚಾದರೆ ಕೈ ನಡುಕ, ಎದೆಬಡಿತ. ರಕ್ತ ಕಡಿಮೆಯಿದ್ದರೆ ಎದೆಬಡಿತ, ದಣಿವು. ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ), ಹಿಮೋಗ್ಲೋಬಿನ್, ಶುಗರ್ ನೋಡಿಸುವುದು ಒಳ್ಳೆಯದು. ದಿನಕ್ಕೆ ಏಳೆಂಟು ಕಪ್ ಚಹಾ, ಬಾಯಲ್ಲಿ ಸದಾ ಗುಟ್ಕಾ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಆತಂಕ ಎಷ್ಟಿದೆ ಎಂದು ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿಯಲ್ಲಿ ಕಳೆದ 2 ವಾರಗಳ ಬಗ್ಗೆ 7 ಪ್ರಶ್ನೆಗಳಿವೆ. ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಅಂಕವೇ ರೋಗನಿರ್ಣಯವಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಗದಗ-ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ ಹತ್ತಿರ. ಹೋಗಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416.

ಚಿಕಿತ್ಸೆ ಕೈಬಿಡುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಎಂಬ ಬಗೆಯ ಗುಳಿಗೆ ಪರಿಣಾಮ ತೋರಲು ಕೆಲವು ವಾರ ಬೇಕು, ಶುರುವಿನಲ್ಲಿ ಚಡಪಡಿಕೆ ತುಸು ಹೆಚ್ಚಲೂಬಹುದು. ಆಗ ಬಿಟ್ಟು ಕೂರದೆ ವೈದ್ಯರಿಗೆ ತಿಳಿಸಿ. ಗಾಬರಿ ಇಳಿಸುವ ಆಲ್ಪ್ರಜೋಲಮ್ ಗುಳಿಗೆಯಿಂದ ತಕ್ಷಣ ಹಾಯೆನಿಸುತ್ತದೆ, ಅದಕ್ಕೇ ಚಟವೂ ಬೇಗ. ಬಹಳ ದಿನ ತಿಂದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು.